ಯಂತ್ರಸಮೀಪ ಮಾರ್ಗವೂ ಸರ್ವಸಾಧಾರಣ ಮಾರ್ಗವೂ: ಆಟದ ಚಿತ್ರಯಂತ್ರಗಳ ಚರಿತ್ರೆಯಲ್ಲಿ ಕನ್ನಡ ಅಕ್ಷರ

ಕನ್ನಡ ಲಿಪಿಯ ಚರಿತ್ರೆಯನ್ನು ವಿಚಾರಮಾಡುವ ವಿದ್ವಾಂಸರು ಶಿಲೆ, ತಾಮ್ರಪಟ, ಓಲೆಗರಿ, ಕಡತ, ಅಚ್ಚಿನ ಮೊಳೆ ಎಂಬ ಕ್ರಮದಲ್ಲಿ ಬರೆಹದ ಸಾಧನಗಳನ್ನು ಎಣಿಸಿಕೊಂಡು ಬರುವುದು ವಾಡಿಕೆ. ಒಂದೊಂದು ಸಾಧನವೂ ಅಕ್ಷರದ ಮೈಕಟ್ಟನ್ನು ತನ್ನ ಅನುಕೂಲಕ್ಕೆ ತಕ್ಕಂತೆ ತಿದ್ದಿತೆಂಬುದು ವಿದಿತವೇ ಆಗಿದೆ. ಈ ಎಣಿಕೆಗೆ ಈಗ ಮತ್ತೊಂದು ಸಾಧನವನ್ನು ಸೇರಿಸಬೇಕಾಗಿದೆ. ಫೋನಿನ ಗಾಜಿನ ಮೇಲೂ ಕಂಪ್ಯೂಟರಿನ ಪರದೆಯ ಮೇಲೂ ಇಂದು ಕಾಣುವ ಅಕ್ಷರವು ಬಹುಮಟ್ಟಿಗೆ ಜಿ.ಪಿ.ಯು. ಎಂದು ಕರೆಯಲ್ಪಡುವ ಚಿತ್ರಯಂತ್ರದ ಮೂಲಕವೇ ಮೂಡುತ್ತದೆ. ಆ ಯಂತ್ರವನ್ನು ಸಾಕಿ ಬೆಳೆಸಿದವರು ಮಾತ್ರ ಪಂಡಿತರಲ್ಲ, ಮುದ್ರಕರೂ ಅಲ್ಲ. ಕಂಪ್ಯೂಟರ್ ಆಟಗಳನ್ನು ರಚಿಸಿದವರು ಮತ್ತು ಆಡಿದವರು. ಆದುದರಿಂದ ಆಟದ ಲೋಕದಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದ ಒಂದು ಸ್ಪರ್ಧೆಯ ಫಲವನ್ನು ಕನ್ನಡ ಅಕ್ಷರವೂ ಅನುಭವಿಸಬೇಕಾಗಿ ಬಂದಿದೆ.

ಸ್ಪರ್ಧೆಯ ಸ್ವರೂಪವನ್ನು ಮೊದಲು ತಿಳಿಯಬೇಕು. ಆಟದ ಪ್ರೋಗ್ರಾಮಿಗೂ ಚಿತ್ರಯಂತ್ರಕ್ಕೂ ನಡುವೆ ಗೊತ್ತುಪಡಿಸಿದ ಆಜ್ಞೆಗಳ ಒಂದು ಪಟ್ಟಿ ಇರುತ್ತದೆ. ಇದಕ್ಕೆ ಆ ವಿದ್ಯೆಯವರು ಎ.ಪಿ.ಐ. ಎಂದು ಹೇಳುವರು, ಇಲ್ಲಿ ಇದನ್ನು ಆಜ್ಞಾವಳಿಯೆಂದು ಕರೆಯಲಾಗುವುದು. ಆಜ್ಞಾವಳಿಯನ್ನು ಎರಡು ಬಗೆಯಲ್ಲಿ ರಚಿಸಬಹುದು. ಒಂದು, ಯಂತ್ರದ ಒಳಗಿನ ನಡೆಗೆ ಅತಿ ಸಮೀಪವಾಗಿದ್ದು, ಪ್ರತಿಯೊಂದು ಕೆಲಸವನ್ನೂ ಪ್ರೋಗ್ರಾಮು ಬರೆಯುವವನ ಕೈಗೇ ಬಿಡುವುದು. ಮತ್ತೊಂದು, ಯಂತ್ರಗಳು ಯಾವ ಕಂಪೆನಿಯವಾದರೂ ಸರಿಯೇ, ಎಲ್ಲಕ್ಕೂ ಒಂದೇ ಮಾತು ಸಲ್ಲುವಂತೆ ಮಾಡುವುದು. ಮೊದಲನೆಯದರಲ್ಲಿ ವೇಗ ಹೆಚ್ಚು, ದುಡಿಮೆಯೂ ಹೆಚ್ಚು. ಎರಡನೆಯದರಲ್ಲಿ ದುಡಿಮೆ ಕಡಮೆ, ಯಂತ್ರದ ಪೂರ್ಣಬಲ ಕೈಗೆ ಸಿಕ್ಕುವುದಿಲ್ಲ. ಇವೆರಡೂ ಪರಸ್ಪರ ವಿರುದ್ಧವೆಂದು ಸಾಮಾನ್ಯವಾಗಿ ಹೇಳುವುದುಂಟು. ಅದು ಪೂರ್ತಿಯಾಗಿ ನಿಜವಲ್ಲವೆಂಬುದು ಚರಿತ್ರೆಯಿಂದ ತಿಳಿದುಬರುತ್ತದೆ.

ಲಿಪಿಯ ವಿಷಯದಲ್ಲಿ ಇಂಥ ಎರಡು ಮಾರ್ಗಗಳು ಹೊಸವಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿವೆ; ಅದಕ್ಕೆ ಹಿಂದೆ ಕೋಲಾರ ಜಿಲ್ಲೆಗೆ ಸೇರಿದ್ದುವು. ಇಲ್ಲಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೆಯ ಸಂಪುಟದಲ್ಲಿ ಪ್ರಕಟಿಸಿದರು. ಬಂಡೆಯ ಮೇಲೆ ಅಕ್ಷರವನ್ನು ಕಡೆದವನು ಕಲ್ಲಿನ ಗುಣವನ್ನರಿತು, ಆ ಕಲ್ಲಿಗೆ ಮಾತ್ರ ಸಲ್ಲುವಂತೆ ಉಳಿಯನ್ನು ನಡೆಸಿದನು. ಸಂಪುಟದಲ್ಲಿಯಾದರೋ ಅದೇ ಪಾಠ ಕನ್ನಡದ ಮೊಳೆಗಳಲ್ಲಿಯೂ ರೋಮನ್ ಲಿಪಿಯಲ್ಲಿಯೂ ಅಚ್ಚಾಗಿ, ಕಲ್ಲನ್ನು ಕಾಣದ ದೇಶಾಂತರದ ಓದುಗರಿಗೂ ಒದಗಿತು. ಕಲ್ಲಿನ ವೈಶಿಷ್ಟ್ಯವು ಅಚ್ಚಿನಲ್ಲಿ ಅಳಿಯಿತು. ಪಾಠವು ಊರೂರಿಗೆ ಹರಡಿತು. ಎರಡು ಮಾರ್ಗಗಳ ಲಾಭನಷ್ಟಗಳು ಇಷ್ಟರಿಂದಲೇ ಸ್ಪಷ್ಟವಾಗುವುವು.

ಆಟದ ಲೋಕದಲ್ಲಿ ಮೊದಲು ಇದ್ದುದು ಕಲ್ಲುಕಡೆಯುವವನ ಮಾರ್ಗವೇ. 1987ರಲ್ಲಿ ಐ.ಬಿ.ಎಂ. ಕಂಪೆನಿಯು ವಿ.ಜಿ.ಎ. ಎಂಬ ಚಿತ್ರವ್ಯವಸ್ಥೆಯನ್ನು ಹೊರತಂದಿತು. ಅಡ್ಡಲಾಗಿ 320, ಉದ್ದಕ್ಕೆ 200, ಒಟ್ಟು 64,000 ಚುಕ್ಕೆಗಳು. ಒಂದೊಂದು ಚುಕ್ಕೆಗೂ 256 ಬಣ್ಣಗಳಲ್ಲಿ ಒಂದು. ಈ ಚುಕ್ಕೆಗಳು ಕಂಪ್ಯೂಟರಿನ ಸ್ಮೃತಿಯಲ್ಲಿ ಗೊತ್ತಾದ ಒಂದೆಡೆಯಲ್ಲಿ ಸಾಲಾಗಿ ಇರುತ್ತಿದ್ದುವು. ಡಾಸ್ ಕಾಲದ ಆಟಗಾರಿಕೆಯ ಪ್ರೋಗ್ರಾಮರನು ಯಾರನ್ನೂ ಕೇಳದೆ ಆ ಎಡೆಯಲ್ಲಿ ನೇರವಾಗಿ ಅಂಕಿಗಳನ್ನು ಬರೆಯುತ್ತಿದ್ದನು. 1993ರ ಡಿಸೆಂಬರಿನಲ್ಲಿ ಬಂದ ‘ಡೂಮ್’ ಎಂಬ ಆಟವು ಈ ಕೌಶಲದ ಪರಾಕಾಷ್ಠೆಯೆಂದು ಹೇಳಬಹುದು. ಇಂಥ ಆಟಗಳಲ್ಲಿ ಅಕ್ಷರಗಳೂ ಕೈಯಿಂದ ಚುಕ್ಕೆ ಚುಕ್ಕೆಯಾಗಿ ಬಿಡಿಸಿದ ಚಿಕ್ಕ ಚಿತ್ರಗಳೇ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರ, ಹತ್ತು ಅಂಕಿ, ಕೆಲವು ವಿರಾಮಚಿಹ್ನೆ. ಇಷ್ಟು ಚಿತ್ರಗಳಿದ್ದರೆ ಯಾವ ಮಾತನ್ನಾದರೂ ಪಕ್ಕಪಕ್ಕದಲ್ಲಿಟ್ಟು ತೋರಿಸಬಹುದಾಗಿತ್ತು. ಈ ಅಲ್ಪವಿಷಯವನ್ನು ಇಲ್ಲಿ ಗಮನಿಸಿಟ್ಟುಕೊಳ್ಳಬೇಕು. ಏಕೆಂದರೆ ಅಕ್ಷರವೆಂದರೆ ಪಕ್ಕಪಕ್ಕದಲ್ಲಿಡತಕ್ಕ ಬಿಡಿಚಿತ್ರವೆಂಬ ಈ ಭಾವನೆಯು ಮುಂದೆ ಯಂತ್ರಗಳೆಲ್ಲ ಬದಲಾದರೂ ಬಹುಕಾಲ ಬದಲಾಗಲಿಲ್ಲ.

ಸರ್ವಸಾಧಾರಣ ಮಾರ್ಗವು ಹುಟ್ಟಿದುದು ಆಟಕ್ಕಾಗಿ ಅಲ್ಲ. ಕ್ಯಾಲಿಫೋರ್ನಿಯದ ಸಿಲಿಕಾನ್ ಗ್ರಾಫಿಕ್ಸ್ ಕಂಪೆನಿಯು ಯಂತ್ರಶಿಲ್ಪಿಗಳೂ ವಿಜ್ಞಾನಿಗಳೂ ಬಳಸುವ ದುಬಾರಿಯ ಕಂಪ್ಯೂಟರುಗಳಿಗಾಗಿ ಐರಿಸ್ ಜಿ.ಎಲ್. ಎಂಬ ತನ್ನದೇ ಆಜ್ಞಾವಳಿಯನ್ನು ಇಟ್ಟುಕೊಂಡಿತ್ತು. ಅದನ್ನು ತಿದ್ದಿ, ಇತರ ಕಂಪೆನಿಗಳಿಗೂ ತೆರೆದು, 1992ರಲ್ಲಿ ಓಪನ್ ಜಿ.ಎಲ್. ಎಂಬ ಹೆಸರಿನಿಂದ ಪ್ರಕಟಿಸಿತು. ಅದರ ಲಕ್ಷಣಗ್ರಂಥವನ್ನು ಬರೆದವರು ಮಾರ್ಕ್ ಸೀಗಲ್ ಮತ್ತು ಕರ್ಟ್ ಏಕ್ಲಿ. ಅದನ್ನು ಪರಿಷ್ಕರಿಸುವ ಅಧಿಕಾರವು ಹಲವು ಕಂಪೆನಿಗಳು ಕೂಡಿದ ಒಂದು ಮಂಡಲಿಗೆ ಸೇರಿತು. ವ್ಯಾಕರಣವನ್ನು ಒಬ್ಬ ಅರಸನ ಆಸ್ಥಾನದಿಂದ ಪಂಡಿತಸಭೆಗೆ ಒಪ್ಪಿಸಿದಂತಾಯಿತು. ಸಭೆಗಳ ಗುಣವೂ ದೋಷವೂ ಅದಕ್ಕೆ ಬಂದುವು: ಯಾರನ್ನೂ ಬಿಡಲಿಲ್ಲ, ಯಾವುದನ್ನೂ ಬೇಗ ನಿರ್ಣಯಿಸಲಿಲ್ಲ.

ಇದೇ ವೇಳೆಗೆ ಮೈಕ್ರೋಸಾಫ್ಟ್ ಕಂಪೆನಿಗೆ ಬೇರೊಂದು ಚಿಂತೆ ಇತ್ತು. ಆಟದವರು ಡಾಸನ್ನು ಬಿಟ್ಟು ವಿಂಡೋಸಿಗೆ ಬರಲೊಲ್ಲದೆ ಇದ್ದರು. ವಿಂಡೋಸು ನಡುವೆ ನಿಂತು ಯಂತ್ರವನ್ನು ಮುಟ್ಟಗೊಡುತ್ತಿರಲಿಲ್ಲವೆಂಬುದು ಅವರ ದೂರು. ಇದನ್ನು ಪರಿಹರಿಸಲು 1995ರ ಸೆಪ್ಟೆಂಬರಿನಲ್ಲಿ ಡೈರೆಕ್ಟ್‌ಎಕ್ಸ್ ಎಂಬ ಆಜ್ಞಾವಳಿಗಳ ಸಮೂಹ ಹೊರಟಿತು. ಅದೇ ವರ್ಷ ಲಂಡನ್ನಿನ ರೆಂಡರ್‌ಮಾರ್ಫಿಕ್ಸ್ ಎಂಬ ಚಿಕ್ಕ ಸಂಸ್ಥೆಯನ್ನು ಮೈಕ್ರೋಸಾಫ್ಟು ಕೊಂಡುಕೊಂಡಿತ್ತು. ಅದರ ಕೃತಿಯ ಆಧಾರದಿಂದ 1996ರಲ್ಲಿ ಡೈರೆಕ್ಟ್3ಡಿ ಸಿದ್ಧವಾಯಿತು. ಇದರಲ್ಲಿ ಚಿತ್ರವನ್ನು ಬರೆಯಬೇಕಾದರೆ ಆಜ್ಞೆಗಳನ್ನೆಲ್ಲ ಮೊದಲು ಸ್ಮೃತಿಯ ಒಂದು ಕಟ್ಟಿನಲ್ಲಿ ಗೊತ್ತಾದ ಕ್ರಮದಲ್ಲಿ ತುಂಬಿ, ಆ ಕಟ್ಟನ್ನು ಒಟ್ಟಿಗೆ ಯಂತ್ರಕ್ಕೆ ಒಪ್ಪಿಸಬೇಕಾಗಿತ್ತು. ಓಪನ್ ಜಿ.ಎಲ್. ನಲ್ಲಿ ನಾಲ್ಕು ಸಾಲಿನಲ್ಲಿ ಮುಗಿಯುವ ಕೆಲಸಕ್ಕೆ ಇಲ್ಲಿ ಪುಟವೇ ಬೇಕು. ‘ಡೂಮ್’ ಮತ್ತು ‘ಕ್ವೇಕ್’ ಆಟಗಳ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ 1996ರ ಡಿಸೆಂಬರಿನಲ್ಲಿ ಈ ಕ್ಲಿಷ್ಟತೆಯನ್ನು ಬಹಿರಂಗವಾಗಿ ಖಂಡಿಸಿ, ಓಪನ್ ಜಿ.ಎಲ್. ನ ಪಕ್ಷವನ್ನು ಹಿಡಿದನು. ಮರುತಿಂಗಳೇ ‘ಕ್ವೇಕ್’ ಆಟದ ಓಪನ್ ಜಿ.ಎಲ್. ರೂಪವು ಹೊರಬಂದಿತು. 1997ರ ಜೂನಿನಲ್ಲಿ ಕ್ರಿಸ್ ಹೆಕರ್ ಮೊದಲಾದ ಅನೇಕ ಆಟಕರ್ತರು ಅದೇ ಅಭಿಪ್ರಾಯದ ಬಹಿರಂಗಪತ್ರಕ್ಕೆ ಸಹಿಮಾಡಿದರು. ಮೈಕ್ರೋಸಾಫ್ಟು ಸೋಲೊಪ್ಪಿಕೊಳ್ಳಲಿಲ್ಲ, ಆದರೆ ಅದೇ ವರ್ಷದ ಡೈರೆಕ್ಟ್‌ಎಕ್ಸ್ 5ರಲ್ಲಿ ಕಟ್ಟುಗಳನ್ನು ತುಂಬುವ ಕಷ್ಟವನ್ನು ತಪ್ಪಿಸುವ ಸುಲಭವಾದ ಆಜ್ಞೆಯನ್ನು ಸೇರಿಸಿತು. ಪ್ರತಿಕಕ್ಷಿಯನ್ನು ವಾದದಲ್ಲಿ ಎದುರಿಸುವುದಕ್ಕಿಂತ ಅವನ ಸೂತ್ರವನ್ನೇ ತನ್ನದನ್ನಾಗಿ ಮಾಡಿಕೊಳ್ಳುವುದು ಲಾಭಕರವೆಂದು ಅದಕ್ಕೆ ತೋರಿರಬೇಕು.

ಇವೆರಡರ ಜಗಳದ ನಡುವೆ ಮೂರನೆಯದೊಂದು ವೇಗದಲ್ಲಿ ಇಬ್ಬರನ್ನೂ ಮೀರಿಸಿತ್ತು. ತ್ರೀಡಿಎಫ್‌ಎಕ್ಸ್ ಕಂಪೆನಿಯು 1996ರಲ್ಲಿ ವೂಡೂ ಎಂಬ ಚಿತ್ರಕಾರ್ಡನ್ನೂ ಅದಕ್ಕೆ ಮಾತ್ರ ಸಲ್ಲುವ ಗ್ಲೈಡ್ ಎಂಬ ಆಜ್ಞಾವಳಿಯನ್ನೂ ತಂದಿತು. ಯಂತ್ರಸಮೀಪ ಮಾರ್ಗಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ಸಿಕ್ಕುವುದು ಕಷ್ಟ. ಎರಡು ಮೂರು ವರ್ಷ ಒಳ್ಳೊಳ್ಳೆಯ ಆಟಗಳು ಗ್ಲೈಡಿನಲ್ಲಿಯೇ ಚೆನ್ನಾಗಿ ಕಾಣುತ್ತಿದ್ದುವು. 2000ದ ಡಿಸೆಂಬರಿನಲ್ಲಿ ಕಂಪೆನಿಯು ಕುಸಿದು ತನ್ನ ಸ್ವತ್ತನ್ನು ಎನ್ವಿಡಿಯಕ್ಕೆ ಮಾರಲು ಒಪ್ಪಿತು. ಗ್ಲೈಡಿಗಾಗಿಯೇ ಬರೆದ ಭಾಗಗಳು ತಾಯಿಲ್ಲದ ಮಕ್ಕಳಂತಾದುವು. ಅವುಗಳನ್ನು ಉಳಿಸಿದವರು ಹವ್ಯಾಸಿಗಳು: ಗ್ಲೈಡಿನ ಆಜ್ಞೆಯನ್ನು ಕೇಳಿ ಅದನ್ನು ಓಪನ್ ಜಿ.ಎಲ್. ಇಲ್ಲವೆ ಡೈರೆಕ್ಟ್3ಡಿ ಆಜ್ಞೆಯನ್ನಾಗಿ ತಿರುಗಿಸಿಕೊಡುವ ದುಭಾಷಿ ಪ್ರೋಗ್ರಾಮುಗಳನ್ನು ಅವರು ಬರೆದರು. ಈ ದುಭಾಷಿಗಳೇ ಮುಂದಿನ ಕಥೆಯ ನಿಜವಾದ ನಾಯಕರು.

ಮುಂದಿನ ಹತ್ತು ವರ್ಷಗಳನ್ನು ಸಂಕ್ಷೇಪವಾಗಿ ಹೇಳಬಹುದು. ವಿಂಡೋಸಿನ ಆಟಗಳಲ್ಲಿ ಡೈರೆಕ್ಟ್3ಡಿ ಮೇಲುಗೈಯಾಯಿತು. ಓಪನ್ ಜಿ.ಎಲ್. ನ ಆಡಳಿತವು 2006ರಲ್ಲಿ ಕ್ರೋನೋಸ್ ಎಂಬ ಕೂಟಕ್ಕೆ ಸೇರಿತು. 2008ರಲ್ಲಿ ಅದರ 3.0 ಆವೃತ್ತಿಯು ನಿರೀಕ್ಷಿಸಿದ್ದ ನವೀಕರಣವನ್ನು ತರದೆ ಬಹುಜನರನ್ನು ನಿರಾಶೆಗೊಳಿಸಿತು. ಆದರೆ ಫೋನುಗಳಲ್ಲಿ ಜಯವು ಅದರ ತಂಗಿಗೆ ದೊರಕಿತು. 2003ರಲ್ಲಿ ಚಿಕ್ಕ ಯಂತ್ರಗಳಿಗಾಗಿ ರಚಿತವಾದ ಓಪನ್ ಜಿ.ಎಲ್. ಇ.ಎಸ್. ಎಂಬ ಸಂಕ್ಷಿಪ್ತ ಆಜ್ಞಾವಳಿಯೇ ಐಫೋನಿನಲ್ಲಿಯೂ ಆಂಡ್ರಾಯಿಡಿನಲ್ಲಿಯೂ ಆಟದ ಸಾಮಾನ್ಯಭಾಷೆಯಾಯಿತು. ಆಂಡ್ರಾಯಿಡ್ ಫೋನು ಮಾರುಕಟ್ಟೆಗೆ ಬಂದುದು 2008ರಲ್ಲಿ. ಅದರ ವ್ಯವಸ್ಥೆಯಲ್ಲಿ ಕನ್ನಡ, ತೆಲುಗು, ಮಲೆಯಾಳ ಲಿಪಿಗಳಿಗೆ ಆಶ್ರಯ ಸಿಕ್ಕಿದುದು 2012ರ 4.1 ಆವೃತ್ತಿಯಲ್ಲಿ. ಮೂರು ಆಯಾಮದ ರಥವನ್ನೋಡಿಸಬಲ್ಲ ಯಂತ್ರವು ‘ಕ್ಕ’ ಎಂದು ಬರೆಯಲು ನಾಲ್ಕು ವರ್ಷ ತೆಗೆದುಕೊಂಡಿತು.

2013ರ ಸೆಪ್ಟೆಂಬರಿನಿಂದ ಎರಡನೆಯ ಪರ್ವ ಆರಂಭವಾಗುತ್ತದೆ. ಹಳೆಯ ಆಜ್ಞಾವಳಿಗಳಲ್ಲಿ ‘ಇದನ್ನು ಬರೆ’ ಎಂಬ ಪ್ರತಿಯೊಂದು ಆಜ್ಞೆಯ ಹಿಂದೆಯೂ ಡ್ರೈವರು ಎಂಬ ಮಧ್ಯಸ್ಥ ಪ್ರೋಗ್ರಾಮು ಹಲವು ಲೆಕ್ಕಗಳನ್ನು ನೋಡುತ್ತಿತ್ತು: ಆಜ್ಞೆ ಕ್ರಮವಾಗಿದೆಯೆ, ಬೇಕಾದ ಸ್ಮೃತಿ ಇದೆಯೆ, ಹಿಂದಿನ ಕೆಲಸ ಮುಗಿದಿದೆಯೆ ಎಂದು. ಅದು ಹಳೆಯ ಕಾಲದ ಶಾನುಭೋಗನ ಹಾಗೆ. ರೈತನು ಬಾಯಲ್ಲಿ ಹೇಳಿದುದನ್ನು ತಾನೇ ಊಹಿಸಿ ಕಡತದಲ್ಲಿ ಸರಿಯಾಗಿ ಬರೆದುಕೊಳ್ಳುತ್ತಿತ್ತು. ಆಟಗಳು ಒಂದೊಂದು ಚಿತ್ರಕ್ಕೆ ಸಾವಿರಾರು ಆಜ್ಞೆಗಳನ್ನು ಕೊಡತೊಡಗಿದಾಗ ಶಾನುಭೋಗನ ಮುಂದೆ ಸಾಲು ಬೆಳೆಯಿತು. ಕಂಪ್ಯೂಟರಿನ ಸಂಸ್ಕಾರಕದಲ್ಲಿ ನಾಲ್ಕು ಎಂಟು ಅಂಗಗಳಿದ್ದರೂ ಈ ಕೆಲಸ ಬಹುಮಟ್ಟಿಗೆ ಒಂದರಲ್ಲಿಯೇ ನಡೆಯಬೇಕಾಗಿತ್ತು. ಎ.ಎಂ.ಡಿ. ಕಂಪೆನಿಯು ‘ಬ್ಯಾಟ್ಲ್‌ಫೀಲ್ಡ್’ ಆಟಗಳ ಕರ್ತೃವಾದ ಸ್ವೀಡನಿನ ಡೈಸ್ ಸಂಸ್ಥೆಯೊಡನೆ ಸೇರಿ ಮ್ಯಾಂಟಲ್ ಎಂಬ ಆಜ್ಞಾವಳಿಯನ್ನು ಸಾರಿತು. ಇದರಲ್ಲಿ ಕಡತವನ್ನು ರೈತನ ಕೈಗೇ ಕೊಟ್ಟುದಾಯಿತು. ಸ್ಮೃತಿಯನ್ನು ಹಂಚುವುದು, ಒಂದು ಕೆಲಸ ಮುಗಿಯುವವರೆಗೆ ಮತ್ತೊಂದನ್ನು ತಡೆಯುವುದು, ಆಜ್ಞೆಗಳನ್ನು ಕಟ್ಟುಗಳಲ್ಲಿ ಬರೆದಿಟ್ಟು ಒಟ್ಟಿಗೆ ಒಪ್ಪಿಸುವುದು, ಇವೆಲ್ಲವೂ ಆಟವನ್ನು ಬರೆಯುವವನ ಹೊಣೆ.

ಆಜ್ಞೆಗಳನ್ನು ಕಟ್ಟಿನಲ್ಲಿ ತುಂಬಿ ಒಪ್ಪಿಸುವುದೆಂಬುದೇ 1996ರ ಡೈರೆಕ್ಟ್3ಡಿಯ ಮೇಲೆ ಹೊರಿಸಿದ್ದ ಮುಖ್ಯ ದೋಷವೆಂಬುದನ್ನು ಇಲ್ಲಿ ನೆನೆಯಬೇಕು. ಹದಿನೇಳು ವರ್ಷಗಳಲ್ಲಿ ಅದೇ ದೋಷವು ಗುಣವೆನಿಸಿತು. ಎರಡೂ ಒಂದೇ ಅಲ್ಲ; ಹೊಸ ಕಟ್ಟುಗಳನ್ನು ಸಂಸ್ಕಾರಕದ ಹಲವು ಅಂಗಗಳು ಏಕಕಾಲದಲ್ಲಿ ತುಂಬಬಲ್ಲವು, ಹಳೆಯ ಕಾಲದಲ್ಲಿ ಅಂಥ ಅಂಗಗಳೇ ಮನೆಯ ಕಂಪ್ಯೂಟರುಗಳಲ್ಲಿ ಇರಲಿಲ್ಲ. ಆದರೂ ಆಜ್ಞಾವಳಿಯ ಗುಣದೋಷಗಳು ಅದರ ಸ್ವಭಾವದಲ್ಲಿ ಮಾತ್ರ ಇಲ್ಲ, ಅದನ್ನು ಬಳಸುವವರ ಬಲದಲ್ಲಿಯೂ ಯಂತ್ರದ ಕಾಲದಲ್ಲಿಯೂ ಇವೆ ಎಂಬುದಕ್ಕೆ ಇಷ್ಟು ಸಾಕು. 1996ರಲ್ಲಿ ಹತ್ತು ಜನರ ಗುಂಪು ಒಂದು ಆಟವನ್ನು ಮುಗಿಸುತ್ತಿತ್ತು. 2013ರಲ್ಲಿ ದೊಡ್ಡ ಸಂಸ್ಥೆಗಳಲ್ಲಿ ನೂರಾರು ಜನರು ದುಡಿಯುತ್ತಿದ್ದರು. ಹೆಚ್ಚಿನ ಹೊಣೆಯನ್ನು ಅವರು ತಾವಾಗಿಯೇ ಬೇಡಿದರು.

ಬೇಡಿದುದು ಬೇಗನೆ ದೊರೆಯಿತು. ಒಂದರ ಬದಲು ಮೂರು ದೊರೆತುವು. ಆಪಲ್ ಕಂಪೆನಿಯು 2014ರ ಜೂನಿನಲ್ಲಿ ಮೆಟಲ್ ಎಂಬ ತನ್ನದೇ ಆಜ್ಞಾವಳಿಯನ್ನು ಪ್ರಕಟಿಸಿತು. ಮೈಕ್ರೋಸಾಫ್ಟಿನ ಡೈರೆಕ್ಟ್3ಡಿ 12 ವಿಂಡೋಸ್ 10ರ ಜೊತೆಯಲ್ಲಿ 2015ರಲ್ಲಿ ಬಂದಿತು. ಎ.ಎಂ.ಡಿ.ಯು ಮ್ಯಾಂಟಲನ್ನು ಕ್ರೋನೋಸ್ ಕೂಟಕ್ಕೆ ಒಪ್ಪಿಸಿತು. ಅದರ ತಳಹದಿಯ ಮೇಲೆ 2016ರ ಫೆಬ್ರವರಿಯಲ್ಲಿ ವಲ್ಕನ್ ಸಿದ್ಧವಾಯಿತು. ವಲ್ಕನ್ನಿನ ವೈಶಿಷ್ಟ್ಯವೇನೆಂದರೆ, ಅದು ಯಂತ್ರಸಮೀಪವೂ ಹೌದು, ಸರ್ವಸಾಧಾರಣವೂ ಹೌದು. ಇಪ್ಪತ್ತು ವರ್ಷ ಎದುರುಬದುರಾಗಿದ್ದ ಎರಡು ಲಕ್ಷಣಗಳು ಒಂದೇ ಕಡೆ ಕೂಡಿದುವು. ಬೆಲೆಯನ್ನು ಮಾತ್ರ ತೆರಬೇಕಾಯಿತು: ಪರದೆಯ ಮೇಲೆ ಒಂದೇ ಒಂದು ತ್ರಿಕೋಣವನ್ನು ಮೂಡಿಸಲು ಅಭ್ಯಾಸಿಯು ಸುಮಾರು ಸಾವಿರ ಸಾಲು ಬರೆಯಬೇಕಾಗುತ್ತದೆ. ಸರ್ವಸಾಧಾರಣವೆಂಬ ಮಾತಿಗೂ ಮಿತಿ ಉಂಟಾಯಿತು. ಆಪಲ್ ತನ್ನ ಯಂತ್ರಗಳಲ್ಲಿ ವಲ್ಕನ್ನನ್ನು ಸೇರಿಸಲಿಲ್ಲ. 2018ರಲ್ಲಿ ಓಪನ್ ಜಿ.ಎಲ್. ಅನ್ನು ತ್ಯಾಜ್ಯವೆಂದೂ ಸಾರಿತು.

ಆಗ ದುಭಾಷಿಗಳು ಮತ್ತೆ ರಂಗಕ್ಕೆ ಬಂದರು. ವಲ್ಕನ್ನಿನ ಆಜ್ಞೆಯನ್ನು ಮೆಟಲಿಗೆ ತಿರುಗಿಸುವ ಮೋಲ್ಟನ್‌ವಿ.ಕೆ. 2018ರಲ್ಲಿ ಮುಕ್ತ ಆಕರವಾಯಿತು. ಡೈರೆಕ್ಟ್3ಡಿ ಆಜ್ಞೆಯನ್ನು ವಲ್ಕನ್ನಿಗೆ ತಿರುಗಿಸುವ ಡಿ.ಎಕ್ಸ್.ವಿ.ಕೆ. ಎಂಬುದನ್ನು ಫಿಲಿಪ್ ರೆಬೋಲೆ ಎಂಬಾತನು ಬರೆಯತೊಡಗಿದನು. ವಾಲ್ವ್ ಕಂಪೆನಿಯು 2018ರ ಆಗಸ್ಟಿನಲ್ಲಿ ಅದನ್ನು ಪ್ರೋಟಾನ್ ಎಂಬ ತನ್ನ ಸಾಧನದಲ್ಲಿ ಅಳವಡಿಸಿಕೊಂಡ ಮೇಲೆ, ವಿಂಡೋಸಿಗೆಂದೇ ರಚಿತವಾದ ಅಸಂಖ್ಯ ಆಟಗಳು ಲಿನಕ್ಸಿನಲ್ಲಿ ನಡೆದುವು. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಾಟದ ಯಂತ್ರವು ನಿಂತಿರುವುದು ಈ ದುಭಾಷಿಯ ಭುಜದ ಮೇಲೆ. ಮೂರು ಆಜ್ಞಾವಳಿಗಳಲ್ಲಿ ಯಾವುದು ಗೆದ್ದಿತೆಂದು ಕೇಳುವವರಿಗೆ, ಅವುಗಳ ನಡುವೆ ಹೋಗಿಬರುವವರೇ ಗೆದ್ದರೆಂದು ಉತ್ತರ ಹೇಳುವುದು ಹೆಚ್ಚು ಯುಕ್ತವಾಗಿ ಕಾಣುತ್ತದೆ.

ಇಷ್ಟೆಲ್ಲ ಆಜ್ಞಾವಳಿಗಳಲ್ಲಿ ಅಕ್ಷರಕ್ಕೆ ಎಲ್ಲಿ ಎಡೆ? ಉತ್ತರವು ಸಾಹಿತ್ಯದವರಿಗೆ ಆಶ್ಚರ್ಯಕರವಾಗಿರಬಹುದು: ಎಲ್ಲಿಯೂ ಇಲ್ಲ. ವಲ್ಕನ್, ಮೆಟಲ್, ಡೈರೆಕ್ಟ್3ಡಿ 12 ಇವುಗಳಿಗೆ ಬಿಂದು, ರೇಖೆ, ತ್ರಿಕೋಣ, ಮತ್ತು ಮೇಲ್ಮೈಗೆ ಹೊದಿಸುವ ಚಿತ್ರ ಇಷ್ಟು ಗೊತ್ತು, ‘ಅ’ ಗೊತ್ತಿಲ್ಲ. ಆಟದಲ್ಲಿ ಅಕ್ಷರವನ್ನು ತೋರಿಸುವ ರೂಢಿಯ ಕ್ರಮ ಹೀಗೆ: ಬೇಕಾದ ಅಕ್ಷರರೂಪಗಳನ್ನೆಲ್ಲ ಒಂದೇ ಚಿತ್ರಫಲಕದಲ್ಲಿ ಮೊದಲೇ ಬಿಡಿಸಿಟ್ಟುಕೊಂಡು, ಒಂದೊಂದು ಅಕ್ಷರಕ್ಕೂ ಎರಡು ತ್ರಿಕೋಣಗಳನ್ನು ಸೇರಿಸಿ ಚೌಕಮಾಡಿ, ಫಲಕದ ಆ ಭಾಗವನ್ನು ಅದರ ಮೇಲೆ ಹೊದಿಸುವುದು. ಡಾಸ್ ಕಾಲದ ಬಿಡಿಚಿತ್ರವೇ ಹೊಸ ವೇಷದಲ್ಲಿ ಬಂದಂತಾಯಿತು. ಯಾವ ರೂಪ, ಯಾವ ಕ್ರಮದಲ್ಲಿ, ಎಲ್ಲಿ ಕುಳಿತುಕೊಳ್ಳಬೇಕೆಂಬ ನಿರ್ಣಯ ಆಜ್ಞಾವಳಿಯ ಹೊರಗಿನ ಕೆಲಸ.

ಕನ್ನಡಕ್ಕೆ ತೊಡಕಿರುವುದು ಈ ನಿರ್ಣಯದಲ್ಲಿಯೇ. ಮೇಲೆ ಹೇಳಿದ ನಾಲ್ಕು ಊರುಗಳ ಹೆಸರುಗಳನ್ನೇ ಪರೀಕ್ಷೆಗೆ ತೆಗೆದುಕೊಳ್ಳಬಹುದು. ಯೂನಿಕೋಡ್ ಸಂಕೇತದಲ್ಲಿ ‘ಚಿಕ್ಕಬಳ್ಳಾಪುರ’ ಎಂಬುದು 13 ಸಂಕೇತಗಳ ಸಾಲು. ಕಣ್ಣಿಗೆ ಕಾಣುವ ಅಕ್ಷರಗಳು 6. ‘ಶಿಡ್ಲಘಟ್ಟ’ದಲ್ಲಿ ಸಂಕೇತಗಳು 9, ಅಕ್ಷರಗಳು 4. ‘ಗೌರಿಬಿದನೂರು’ 11 ಸಂಕೇತ, 6 ಅಕ್ಷರ. ‘ಚಿಂತಾಮಣಿ’ 8 ಸಂಕೇತ, 4 ಅಕ್ಷರ. ಸಂಕೇತವೊಂದಕ್ಕೆ ಚಿತ್ರವೊಂದರಂತೆ ಪಕ್ಕಪಕ್ಕದಲ್ಲಿಡುವ ಆಟದಲ್ಲಿ ಮೊದಲನೆಯ ಹೆಸರು ‘ಚಿಕ್‌ಕಬಳ್‌ಳಾಪುರ’ ಎಂದೂ ಎರಡನೆಯದು ‘ಶಿಡ್‌ಲಘಟ್‌ಟ’ ಎಂದೂ ಆಗುವುದರ ಜೊತೆಗೆ, ಗುಣಿತದ ಚಿಹ್ನೆಗಳೂ ಬೇರೆಯಾಗಿ ತೇಲುತ್ತವೆ. ಒತ್ತಕ್ಷರವೇ ಇಲ್ಲದ ಗೌರಿಬಿದನೂರು, ಚಿಂತಾಮಣಿಗಳಾದರೂ ಪಾರಾಗುವುವೆಂದು ಭಾವಿಸಬಾರದು. ‘ರಿ’, ‘ಚಿ’ ಎಂಬಲ್ಲಿ ಗುಡಿಸು ವ್ಯಂಜನದ ತಲೆಕಟ್ಟನ್ನು ತಿಂದು ಅದರಲ್ಲಿ ಬೆಸೆದುಹೋಗುತ್ತದೆ. ಬಿಡಿಬಿಡಿಯಾಗಿಟ್ಟರೆ ತಲೆಕಟ್ಟೂ ಗುಡಿಸೂ ಎರಡೂ ನಿಂತು ಅಕ್ಷರವು ವಿಕಾರವಾಗುತ್ತದೆ. ‘ಳ್ಳಾ’ ಎಂಬುದು ಇನ್ನೂ ಸ್ವಾರಸ್ಯಕರ. ಸಂಕೇತದ ಸಾಲಿನಲ್ಲಿ ದೀರ್ಘದ ಚಿಹ್ನೆ ಎರಡನೆಯ ಳಕಾರದ ಅನಂತರ ಬರುತ್ತದೆ. ಬರೆಹದಲ್ಲಿಯಾದರೋ ಅದು ಮೇಲಿರುವ ಮೊದಲನೆಯ ಳಕಾರಕ್ಕೆ ಅಂಟಬೇಕು. ಉಚ್ಚಾರಣೆಯ ಕ್ರಮ ಬೇರೆ, ಬರೆಯುವ ಕ್ರಮ ಬೇರೆ. ಅರ್ಕಾವೊತ್ತಿನ ವಿಷಯದಲ್ಲಿ ಮಕ್ಕಳು ತಪ್ಪುವುದೂ ಇದೇ ಕಾರಣದಿಂದ ಎಂಬುದು ಉಪಾಧ್ಯಾಯರಿಗೆ ತಿಳಿದದ್ದೇ.

ಈ ಜೋಡಣೆಯ ಕೆಲಸದಲ್ಲಿಯೂ ಅದೇ ಎರಡು ಮಾರ್ಗಗಳು ಕಾಣುತ್ತವೆ. ವಿಂಡೋಸಿನಲ್ಲಿ ಯೂನಿಸ್ಕ್ರೈಬ್ ಎಂಬ ಆ ವ್ಯವಸ್ಥೆಗೆ ಮಾತ್ರ ಸೇರಿದ ಸಾಧನವು 2001ರ ಎಕ್ಸ್.ಪಿ. ಆವೃತ್ತಿಯಿಂದ ಕನ್ನಡವನ್ನು ಜೋಡಿಸುತ್ತಿತ್ತು. ಆಪಲಿನದು ಬೇರೆ. ಎಲ್ಲ ಯಂತ್ರಗಳಿಗೂ ಸಲ್ಲುವ ಮುಕ್ತ ಆಕರದ ಸಾಧನವಾಗಿ ಬೆಹ್ದಾದ್ ಎಸ್ಫಹ್ಬೋದ್ ಮೊದಲಾದವರ ದುಡಿಮೆಯಿಂದ ಬೆಳೆದುದು ಹಾರ್ಫ್‌ಬಜ್. ಈ ಕೆಲಸ ಎಷ್ಟು ಸೂಕ್ಷ್ಮವೆಂಬುದಕ್ಕೆ ಸೋದರಲಿಪಿಯಾದ ತೆಲುಗಿನಿಂದ ಒಂದು ನಿದರ್ಶನವುಂಟು. ಈ ನಾಲ್ಕು ತಾಲ್ಲೂಕುಗಳಲ್ಲಿ ಕನ್ನಡದ ಜೊತೆಗೆ ತೆಲುಗೂ ಮನೆಮಾತಾಗಿ ನಡೆಯುತ್ತಿರುವುದರಿಂದ ಅದು ಇಲ್ಲಿಗೆ ಪರಕೀಯವಲ್ಲ. 2018ರ ಫೆಬ್ರವರಿಯಲ್ಲಿ, ತೆಲುಗಿನ ‘ಜ್ಞಾ’ ಅಕ್ಷರವನ್ನು ಒಂದು ವಿಶೇಷ ಸಂಕೇತಕ್ರಮದಲ್ಲಿ ಬರೆದು ಕಳುಹಿಸಿದರೆ ಅದನ್ನು ಪಡೆದ ಐಫೋನಿನ ಸಂದೇಶದ ಪ್ರೋಗ್ರಾಮೇ ಕುಸಿದುಬೀಳುತ್ತಿತ್ತು. ಆಪಲ್ ಕೆಲವೇ ದಿನಗಳಲ್ಲಿ ತಿದ್ದುಪಡಿಯನ್ನು ಕಳುಹಿಸಿತು.

ಆಟದ ಯಂತ್ರಾಂಗಗಳೆನ್ನಿಸುವ ಸಿದ್ಧಸಾಧನಗಳಲ್ಲಿ ಈ ಜೋಡಣೆ ಬಹುಕಾಲ ಇರಲಿಲ್ಲ. ಚಿಕ್ಕ ತಂಡಗಳು ಹೆಚ್ಚಾಗಿ ಬಳಸುವ ಯೂನಿಟಿ ಎಂಬ ಯಂತ್ರಾಂಗದ ಟೆಕ್ಸ್ಟ್‌ಮೆಶ್ ಪ್ರೊ ಎಂಬ ಅಕ್ಷರಸಾಧನವು ವಲ್ಕನ್, ಮೆಟಲ್, ಡೈರೆಕ್ಟ್3ಡಿ ಎಲ್ಲವುಗಳ ಮೇಲೂ ಇಂಗ್ಲಿಷನ್ನು ಅಂದವಾಗಿ ಮೂಡಿಸುತ್ತಿತ್ತು. ಭಾರತೀಯ ಲಿಪಿಗಳ ಒತ್ತು ಗುಣಿತಗಳನ್ನು ತಾನಾಗಿ ಜೋಡಿಸುತ್ತಿರಲಿಲ್ಲ. ಹಿಂದಿಯ ಆಟಕರ್ತರು ಯೂನಿಕೋಡ್ ಪಾಠವನ್ನು ಕೃತಿದೇವ್ ಮುಂತಾದ ಹಳೆಯ ಫಾಂಟುಗಳ ಸಂಕೇತಕ್ಕೆ ತಿರುಗಿಸಿ ತೋರಿಸುವ ಉಪಾಯವನ್ನು ಹಿಡಿದರು. ಕನ್ನಡದಲ್ಲಿ ಯೂನಿಕೋಡಿಗೆ ಮುಂಚೆ ನಡೆಯುತ್ತಿದ್ದ ‘ನುಡಿ’, ‘ಬರಹ’ಗಳ ಹಳೆಯ ಫಾಂಟುಗಳೂ ಅದೇ ಜಾತಿಯವು: ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುರೂಪಗಳನ್ನಿಟ್ಟು, ಜೋಡಣೆಯನ್ನು ಮೊದಲೇ ಮುಗಿಸಿಬಿಡುವುದು. ಇದು ಲಿಪಿಯ ಯಂತ್ರಸಮೀಪ ಮಾರ್ಗ. ಬೇಗ ಕೆಲಸವಾಗುತ್ತದೆ, ಆದರೆ ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಕಡತವನ್ನು ತೆರೆದವರು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯನ್ನು ಕಂಡು ಕಂಗಾಲಾದುದನ್ನು ಅಧ್ಯಾಪಕವರ್ಗವು ಮರೆತಿರಲಾರದು. ಗ್ಲೈಡಿನ ಆಟಗಳಿಗೆ ಒದಗಿದ ಗತಿಯೂ ಇದೇ ಆಗಿತ್ತು.

ಕರ್ನಾಟಕದಲ್ಲಿ ಆಟದ ಉದ್ಯಮವೇ ಇರಲಿಲ್ಲವೆಂದಲ್ಲ. ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ 1997ರಲ್ಲಿ ಸ್ಥಾಪಿಸಿದ ಧ್ರುವ ಇಂಟರ‍್ಯಾಕ್ಟಿವ್ ಸಂಸ್ಥೆಯು ದೇಶದ ಮೊದಮೊದಲ ಆಟದ ಸಂಸ್ಥೆಗಳಲ್ಲಿ ಒಂದು. ಗ್ಲೈಡ್, ಓಪನ್ ಜಿ.ಎಲ್., ಡೈರೆಕ್ಟ್3ಡಿಗಳ ಜಗಳ ಬಿಸಿಯಾಗಿದ್ದ ವರ್ಷದಲ್ಲಿಯೇ ಅದು ಹುಟ್ಟಿತು. ಅದು ಮುಖ್ಯವಾಗಿ ವಿದೇಶದ ಪ್ರಕಾಶಕರಿಗಾಗಿ ಚಿತ್ರಸಾಮಗ್ರಿಯನ್ನು ರಚಿಸಿಕೊಟ್ಟಿತು. ಮೈಕ್ರೋಸಾಫ್ಟಿನ ‘ಫೋರ್ಜಾ’ ಎಂಬ ಕಾರೋಟದ ಸರಣಿ ಅವುಗಳಲ್ಲೊಂದು. 2019ರಲ್ಲಿ ರಾಕ್‌ಸ್ಟಾರ್ ಎಂಬ ಅಮೆರಿಕದ ಸಂಸ್ಥೆ ಅದನ್ನು ಕೊಂಡಿತು. ಕೈಗಳು ಇಲ್ಲಿಯವಾದರೂ ಆಟದ ಮಾತು ಇಲ್ಲಿಯದಾಗಿರಲಿಲ್ಲ. ಆದುದರಿಂದ ‘ಳ್ಳಾ’ ಎಂಬ ಅಕ್ಷರವು ಎಲ್ಲಿ ಕುಳಿತುಕೊಳ್ಳಬೇಕೆಂಬ ಪ್ರಶ್ನೆಯನ್ನು ಆಜ್ಞಾವಳಿಯ ಪಂಡಿತಸಭೆಗೆ ಕೊಂಡೊಯ್ಯಲು ಯಾರಿಗೂ ಪ್ರಯೋಜನ ಕಾಣಲಿಲ್ಲ. ಮೂರು ಆಯಾಮದ ವಿದ್ಯೆಯಲ್ಲಿ ಬೆಂಗಳೂರು ಪಳಗಿದ್ದರೂ ಆ ಯಂತ್ರಗಳಲ್ಲಿ ಕನ್ನಡ ಹಿಂದುಳಿದುದಕ್ಕೆ ಲಿಪಿಯ ಜಟಿಲತೆಯು ಅರ್ಧಕಾರಣ ಮಾತ್ರ, ಕೇಳುವವರಿಲ್ಲದುದು ಇನ್ನರ್ಧ.

ಕೊನೆಗೆ ಪರಿಹಾರ ಬಂದುದು ದೊಡ್ಡ ಕಂಪೆನಿಗಳಿಂದಲ್ಲ. ಹುವಾನ್ ಲಿನಿಯೆಟ್ಸ್ಕಿ ಮತ್ತು ಏರಿಯಲ್ ಮನ್ಸೂರ್ ಎಂಬ ಆರ್ಜೆಂಟೀನದ ಇಬ್ಬರು ಆರಂಭಿಸಿ, 2014ರಲ್ಲಿ ಮುಕ್ತ ಆಕರವಾದ ಗೊಡೋ ಎಂಬ ಯಂತ್ರಾಂಗವು 2023ರ ಮಾರ್ಚ್ 1ರಂದು 4.0 ಆವೃತ್ತಿಯನ್ನು ಕಂಡಿತು. ಅದರಲ್ಲಿ ಎರಡು ದೊಡ್ಡ ಬದಲಾವಣೆಗಳು ಒಟ್ಟಿಗೆ ಬಂದುವು: ಚಿತ್ರಣವು ವಲ್ಕನ್ನಿನ ಮೇಲೆ ನಿಂತಿತು; ಅಕ್ಷರದ ಜೋಡಣೆಯು ಹಾರ್ಫ್‌ಬಜ್ಜಿಗೆ ವಹಿಸಲ್ಪಟ್ಟಿತು. ಹಳೆಯ ಫೋನುಗಳನ್ನು ಬಿಡಬಾರದೆಂದು ಓಪನ್ ಜಿ.ಎಲ್. ಇ.ಎಸ್. ಮಾರ್ಗವನ್ನೂ ಜೊತೆಯಲ್ಲಿ ಉಳಿಸಿಕೊಂಡರು. ವಲ್ಕನ್ನಿನ ಸಾವಿರ ಸಾಲುಗಳನ್ನು ಯಂತ್ರಾಂಗವೇ ತನ್ನ ಹೊಟ್ಟೆಯಲ್ಲಿಟ್ಟುಕೊಂಡು, ಬಳಸುವವನಿಗೆ ನಾಲ್ಕು ಸಾಲಿನ ಸೌಲಭ್ಯವನ್ನು ಹಿಂದಿರುಗಿಸಿತು. ಕನ್ನಡದ ಫಾಂಟೊಂದನ್ನು ಕೊಟ್ಟರೆ ನಾಲ್ಕು ಊರುಗಳ ಹೆಸರುಗಳೂ ಒತ್ತು ಗುಣಿತಗಳು ತಪ್ಪದೆ ಮೂಡುತ್ತವೆ. ಕನ್ನಡಕ್ಕೆಂದು ಅಲ್ಲಿ ಪ್ರತ್ಯೇಕವಾಗಿ ಯಾರೂ ಶ್ರಮಪಡಲಿಲ್ಲವೆಂಬುದು ಗಮನಾರ್ಹ. ಅರಬ್ಬಿ, ದೇವನಾಗರಿ, ಥಾಯ್‌ಗಳಿಗೆ ತೆರೆದ ಬಾಗಿಲಲ್ಲಿ ಕನ್ನಡವೂ ಒಳಗೆ ಬಂದಿತು.

ಆಟದ ಆಜ್ಞಾವಳಿಗಳ ಈ ಕಥೆ ಈಗ ಶಾಸನಗಳ ಬಳಿಗೂ ಬಂದು ಮುಟ್ಟಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಶಾಸನಗಳನ್ನು ಮೂರು ಆಯಾಮದಲ್ಲಿ ಅಳೆದು ಸಂರಕ್ಷಿಸುವ ಕಾರ್ಯವನ್ನು ಆರಂಭಿಸಿತು. ಅಳತೆಯಿಂದ ದೊರೆತ ಕಲ್ಲಿನ ಮೇಲ್ಮೈಯು ಅಸಂಖ್ಯ ತ್ರಿಕೋಣಗಳ ಬಲೆಯಾಗಿ ಉಳಿಯುತ್ತದೆ. ಓದುವವನು ಕಂಪ್ಯೂಟರಿನಲ್ಲಿ ಬೆಳಕನ್ನು ಓರೆಯಾಗಿ ಬೀಳಿಸಿ, ಕಲ್ಲನ್ನು ಹೊರಳಿಸಿ, ಸವೆದ ಗೀಟಿನ ನೆರಳನ್ನು ಹುಡುಕಬಹುದು. ಇಂಥ ಬಲೆಗಳನ್ನು ಬ್ರೌಸರಿನಲ್ಲಿ ತೋರಿಸುವುದು ಸಾಮಾನ್ಯವಾಗಿ ವೆಬ್ ಜಿ.ಎಲ್.; ಓಪನ್ ಜಿ.ಎಲ್. ಇ.ಎಸ್. ಅನ್ನು ಅನುಸರಿಸಿ 2011ರಲ್ಲಿ ಸಿದ್ಧವಾದ ಸರ್ವಸಾಧಾರಣ ಆಜ್ಞಾವಳಿ ಅದು. ಅದರ ಕೆಳಗೆ ಆಂಗಲ್ ಎಂಬ ದುಭಾಷಿಯು ಕುಳಿತು, ವಿಂಡೋಸಿನಲ್ಲಿ ಅದೇ ಆಜ್ಞೆಯನ್ನು ಡೈರೆಕ್ಟ್3ಡಿಗೂ ಆಪಲಿನಲ್ಲಿ ಮೆಟಲಿಗೂ ತಿರುಗಿಸುತ್ತದೆ. 2023ರಲ್ಲಿ ವೆಬ್ ಜಿ.ಪಿ.ಯು. ಎಂಬ ಹೊಸದು ಕ್ರೋಮ್ ಬ್ರೌಸರಿಗೆ ಬಂದು ಇದರ ಸ್ಥಾನಕ್ಕೆ ಹಕ್ಕುದಾರನಾಗಿದೆ. ಆಜ್ಞಾವಳಿ ಬದಲಾದರೂ ತ್ರಿಕೋಣಗಳ ಕಡತವು ಮುಕ್ತವಾದ ರೂಪದಲ್ಲಿದ್ದರೆ ಕಲ್ಲಿಗೆ ಭಯವಿಲ್ಲ. ಒಂದು ಆಜ್ಞಾವಳಿಗೆ ಮಾತ್ರ ಒಪ್ಪುವಂತೆ ಕಟ್ಟಿಟ್ಟರೆ ಗ್ಲೈಡಿನ ಆಟಗಳ ಪಾಡು.

ಆ ಬಲೆಯಲ್ಲಿ ಕಾಣುವ ಅಕ್ಷರಕ್ಕೆ ಹಾರ್ಫ್‌ಬಜ್ಜಿನ ಹಂಗಿಲ್ಲ. ಕಲ್ಲುಕಡೆದವನು ಒತ್ತನ್ನೂ ಗುಣಿತವನ್ನೂ ಅವುಗಳ ಸ್ಥಾನದಲ್ಲಿಯೇ ಕಡೆದಿಟ್ಟು ಹೋಗಿರುವುದರಿಂದ, ಅಕ್ಷರವನ್ನರಿಯದ ಚಿತ್ರಯಂತ್ರವೂ ಅದನ್ನು ತಪ್ಪಿಲ್ಲದೆ ತೋರಿಸುತ್ತದೆ. ಆದರೆ ಆ ಪಾಠದಲ್ಲಿ ಒಂದು ಊರಿನ ಹೆಸರನ್ನು ಹುಡುಕಬೇಕಾದರೆ ಯಾರಾದರೊಬ್ಬರು ಕಲ್ಲನ್ನು ಓದಿ ಅದನ್ನು ಯೂನಿಕೋಡಿನಲ್ಲಿ ಬರೆದಿಡಲೇಬೇಕು; 1905ರ ಸಂಪುಟದಲ್ಲಿ ರೈಸ್ ಅವರು ಮೊಳೆಗಳಿಂದ ಮಾಡಿಸಿದ ಕೆಲಸವೇ ಇದು.